ಹೊಟ್ಟೆ ತುಂಬಿದವರು ದುಡಿಯುವುದಿಲ್ಲವೇ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ, ಫೋನುಗಳಲ್ಲಿ ಒಂದು ಪ್ರಶ್ನೆ ವರ್ಷವಿಡೀ ತಪ್ಪುವುದಿಲ್ಲ. ತುಂಗಭದ್ರಾ ಜಲಾಶಯ ತುಂಬಿ, ಕಾಲುವೆಗೆ ನೀರು ಬಿಟ್ಟು, ಕಂಪ್ಲಿ ಸೀಮೆಯಲ್ಲಿ ಭತ್ತದ ನಾಟಿ ಶುರುವಾಯಿತೆಂದರೆ ಅದರ ಕಾವು ಇನ್ನಷ್ಟು ಏರುತ್ತದೆ. "ಅಕ್ಕಿ ಪುಕ್ಕಟೆ, ಹೆಣ್ಮಕ್ಕಳಿಗೆ ಬಸ್ಸು ಪುಕ್ಕಟೆ, ಮ್ಯಾಲೆ ತಿಂಗಳಿಗೆ ಎರಡು ಸಾವಿರ. ಹೊಟ್ಟಿ ತುಂಬಿದ ಮ್ಯಾಲೆ ಗದ್ದಿಗೆ ಯಾರು ಇಳೀತಾರ ಸಾರ್?" ಹೀಗೆ ಕೇಳುವವರು ಕೆಟ್ಟವರೇನಲ್ಲ. ಮಡಿಯಲ್ಲಿ ಸಸಿ ಬಲಿತು ನಿಂತಿದ್ದರೂ ಕೂಲಿಯವರು ಸಿಗದೆ ಪೇಚಾಡುವ ರೈತರು. ಇದೇ ಪ್ರಶ್ನೆಯನ್ನು ಹೊಸಪೇಟೆಯ ಹೋಟೆಲ್ ಮಾಲೀಕರು ಸಪ್ಲೈಯರ್ ಹುಡುಗರ ಬಗ್ಗೆ ಕೇಳುತ್ತಾರೆ, ಕಟ್ಟಡ ಕಟ್ಟಿಸುವವರು ಗಾರೆಯವರ ಬಗ್ಗೆ ಕೇಳುತ್ತಾರೆ. ಡಿಗ್ರಿ ಓದುವ ಮಗನಿರುವ ಅಪ್ಪಂದಿರ ದೂರೂ ಹೆಚ್ಚುಕಡಿಮೆ ಇದೇ: "ಬೈಕು ಕೊಡ್ಸೀನಿ, ಮೊಬೈಲ್ ಕೊಡ್ಸೀನಿ, ಏನೂ ಕಮ್ಮಿ ಮಾಡಿಲ್ಲ. ಓದಾಕ ಮಾತ್ರ ಮನಸಿಲ್ಲ."

ಪ್ರಶ್ನೆಗಳು ಬೇರೆ ಬೇರೆಯಾಗಿ ಕಂಡರೂ ಅವುಗಳ ತಳದಲ್ಲಿರುವ ನಂಬಿಕೆ ಒಂದೇ. ಮನುಷ್ಯನನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವುದು ಹಸಿವಿನ ಭಯ. ಆ ಭಯ ತೆಗೆದರೆ ಅವನು ಮಗ್ಗುಲು ಬದಲಿಸಿ ಮಲಗುತ್ತಾನೆ ಎಂಬ ನಂಬಿಕೆ. ಇದರಲ್ಲಿ ಒಂದು ತಮಾಷೆಯಿದೆ. ಸಂಡೂರಿನ ಗುಡ್ಡಗಳಿಂದ ಅದಿರು ಹಗಲು ರಾತ್ರಿ ಹೊರಟ ಕಾಲದಲ್ಲಿ ಕೆಲವರು ಏಳು ತಲೆಮಾರಿಗೆ ಆಗುವಷ್ಟು ಗಳಿಸಿದರು. ಇಷ್ಟು ಹಣ ಬಂದ ಮೇಲೆ ಇವರು ಸೋಮಾರಿಗಳಾಗುತ್ತಾರೇನೋ ಎಂದು ಆಗ ಯಾರೂ ಚಿಂತಿಸಲಿಲ್ಲ. ಹೊಟ್ಟೆ ತುಂಬಿದರೆ ಕೆಡುತ್ತಾರೆ ಎಂಬ ಅನುಮಾನವನ್ನು ನಾವು ಬಡವರಿಗಷ್ಟೇ ಮೀಸಲಿಟ್ಟಿದ್ದೇವೆ. ಅನುಮಾನ ನಿಜವೋ ಸುಳ್ಳೋ ನೋಡೋಣ. ಮನಶ್ಶಾಸ್ತ್ರ ಈ ಬಗ್ಗೆ ಸಾಕಷ್ಟು ಕೆಲಸ ಮಾಡಿದೆ. ನಮ್ಮ ಸುತ್ತಲೂ ಅದಕ್ಕೆ ಸಾಕ್ಷಿಗಳಿವೆ.

ಮನುಷ್ಯನ ಅಗತ್ಯಗಳ ಮಾತು ಬಂದಾಗಲೆಲ್ಲ ಬರುವ ಹೆಸರು ಅಬ್ರಹಾಂ ಮಾಸ್ಲೊ. ಬಿ.ಇಡಿ., ಎಂ.ಬಿ.ಎ. ಓದಿದವರಿಗೆಲ್ಲ ಆ ಐದು ಹಂತದ ಗೋಪುರದ ಚಿತ್ರ ನೆನಪಿರುತ್ತದೆ. ತಳದಲ್ಲಿ ಅನ್ನ, ನೀರು, ನಿದ್ದೆ. ಅದರ ಮೇಲೆ ಭದ್ರತೆ. ಆಮೇಲೆ ಪ್ರೀತಿ, ನಮ್ಮವರು ಎನ್ನುವ ಬಳಗ. ಅದರ ಮೇಲೆ ಮಾನ ಮರ್ಯಾದೆ. ತುದಿಯಲ್ಲಿ ತನ್ನೊಳಗಿನ ಶಕ್ತಿಯನ್ನು ಪೂರ್ತಿ ಅರಳಿಸಿಕೊಳ್ಳುವ ಹಂಬಲ. ಅಮೆರಿಕದ ಈ ಮನಶ್ಶಾಸ್ತ್ರಜ್ಞ 1943ರ ತನ್ನ ಪ್ರಬಂಧದಲ್ಲಿ ಈ ವಿಚಾರ ಮಂಡಿಸಿದ. ಗೋಪುರದ ಚಿತ್ರವನ್ನು ಮಾತ್ರ ಅವನು ಬರೆಯಲಿಲ್ಲ. ಅದು ಆಮೇಲೆ ಮ್ಯಾನೇಜ್‌ಮೆಂಟ್ ಪಾಠ ಹೇಳುವವರು ಮಾಡಿಕೊಂಡದ್ದು. ಆ ಚಿತ್ರದಿಂದ ಒಂದು ತಪ್ಪು ಕಲ್ಪನೆ ಊರೆಲ್ಲ ಹರಡಿತು: ಕೆಳಗಿನ ಮೆಟ್ಟಿಲು ಪೂರ್ತಿ ಮುಗಿಯದೆ ಮೇಲಿನದಕ್ಕೆ ಕಾಲಿಡಲಾಗದು, ಹಸಿದವನಿಗೆ ಮಾನದ ಚಿಂತೆಯಿಲ್ಲ, ಬಡವರಿಗೆ ಅನ್ನವಷ್ಟೇ ಬೇಕು ಎಂದು.

ಮಾಸ್ಲೊ ಹಾಗೆ ಹೇಳಿರಲೇ ಇಲ್ಲ. ಒಬ್ಬ ಸಾಮಾನ್ಯ ಮನುಷ್ಯನ ಮಟ್ಟಿಗೆ ದೇಹದ ಅಗತ್ಯಗಳು ಶೇ 85ರಷ್ಟು, ಭದ್ರತೆ ಶೇ 70ರಷ್ಟು, ಪ್ರೀತಿ ಶೇ 50ರಷ್ಟು, ಗೌರವ ಶೇ 40ರಷ್ಟು, ಕೊನೆಯದು ಶೇ 10ರಷ್ಟು ಈಡೇರಿರಬಹುದು ಎಂದು ಅವನೇ ಒಂದು ಅಂದಾಜು ಕೊಟ್ಟಿದ್ದ. ಅಳೆದು ತೂಗಿದ ಲೆಕ್ಕವಲ್ಲ ಅದು, ವಿಷಯ ತಿಳಿಸಲು ಕೊಟ್ಟ ಉದಾಹರಣೆ. ಆದರೆ ಅದರ ಅರ್ಥ ಸ್ಪಷ್ಟವಾಗಿದೆ. ಎಲ್ಲ ಅಗತ್ಯಗಳೂ ಅರೆಬರೆ ತುಂಬಿಕೊಂಡು, ಒಂದೇ ಹೊತ್ತಿಗೆ ಮನುಷ್ಯನೊಳಗೆ ಇರುತ್ತವೆ. ಅವುಗಳ ಕ್ರಮ ಕೆಲವರಲ್ಲಿ ತಲೆಕೆಳಗಾಗುತ್ತದೆ ಎಂದೂ ಅವನು ಬರೆದಿದ್ದ. ಮಗಳ ಮದುವೆಗೆ ಸಾಲ ಮಾಡಿ, ಆ ಸಾಲ ತೀರಿಸಲು ಒಂದು ಹೊತ್ತು ಉಂಡು ದುಡಿಯುವ ಸಂಸಾರಗಳನ್ನು ಕಂಡ ನಮಗೆ ಇದನ್ನು ಮಾಸ್ಲೊ ಬಂದು ಹೇಳಬೇಕಾಗಿರಲಿಲ್ಲ.

ಇನ್ನು ಸೋಮಾರಿತನದ ಮಾತಿಗೆ ಬರೋಣ. ಬಡವರ ಕೈಗೆ ಸರ್ಕಾರ ನೇರವಾಗಿ ಹಣ ಕೊಟ್ಟರೆ ಅವರು ಕೆಲಸ ಬಿಡುತ್ತಾರೆಯೇ ಎನ್ನುವುದನ್ನು ಅರ್ಥಶಾಸ್ತ್ರಜ್ಞರು ಊಹೆಗೆ ಬಿಟ್ಟಿಲ್ಲ. ಮುಂದೆ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ಮೆಕ್ಸಿಕೊ, ಇಂಡೊನೇಷ್ಯಾ, ಫಿಲಿಪ್ಪೀನ್ಸ್, ಮೊರಾಕೊ ಸೇರಿದಂತೆ ಆರು ದೇಶಗಳ ಏಳು ಯೋಜನೆಗಳ ಅಂಕಿಅಂಶಗಳನ್ನು ಒಟ್ಟಿಗೆ ಇಟ್ಟು ನೋಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಣ ಪಡೆದವರು ದುಡಿಮೆ ಕಡಿಮೆ ಮಾಡಿದರು ಎನ್ನಲು ಗಟ್ಟಿಯಾದ ಆಧಾರ ಸಿಗಲಿಲ್ಲ. ದುಡಿಯುತ್ತಿದ್ದವರು ದುಡಿಯುತ್ತಲೇ ಇದ್ದರು. ಬಂದ ಹಣವನ್ನು ಕುಡಿದು ಹಾಳು ಮಾಡುವವರು ಇಲ್ಲವೆಂದಲ್ಲ. ಅಂಥವರು ಪ್ರತಿ ಊರಲ್ಲೂ ಇದ್ದಾರೆ, ಸಿರಿವಂತರ ಮನೆಗಳಲ್ಲೂ ಇದ್ದಾರೆ. ಆದರೆ ಅವರನ್ನು ನೋಡಿ ಊರಿಗೆ ಊರೇ ಹಾಗೆ ಎಂದು ತೀರ್ಪು ಕೊಡಲಾಗದು. ನಮ್ಮಲ್ಲಿ ಅಕ್ಕಿಯ ಅನ್ನಭಾಗ್ಯ ಬಂದದ್ದು 2013ರಲ್ಲಿ, ಬಸ್ಸಿನ ಶಕ್ತಿ ಮತ್ತು ಎರಡು ಸಾವಿರದ ಗೃಹಲಕ್ಷ್ಮಿ 2023ರಲ್ಲಿ. ಆಳು ಸಿಗುವುದಿಲ್ಲ ಎಂಬ ಗೊಣಗಾಟ ಅದಕ್ಕೂ ಬಹಳ ಹಿಂದಿನದು. ಅಣೆಕಟ್ಟಿನ ನೀರು ಬಂದು ಈ ಭಾಗ ಭತ್ತದ ನಾಡಾದಾಗಿನಿಂದಲೂ ನಾಟಿಯ ನಾಲ್ಕು ವಾರ ಎಲ್ಲರಿಗೂ ಒಟ್ಟಿಗೇ ಆಳು ಬೇಕು.

ಹಸಿವಿನ ಭಯ ಕೆಲಸ ಮಾಡಿಸುತ್ತದೆ ಎಂಬುದಕ್ಕಿಂತ, ಆ ಭಯ ಕೆಲಸವನ್ನು ಕೆಡಿಸುತ್ತದೆ ಎನ್ನುವುದಕ್ಕೇ ಹೆಚ್ಚು ಆಧಾರಗಳಿವೆ. ತಮಿಳುನಾಡಿನ 464 ಕಬ್ಬು ಬೆಳೆಗಾರರ ಮೇಲೆ ನಡೆದ ಒಂದು ಅಧ್ಯಯನ 2013ರಲ್ಲಿ ಹೊರಬಂತು. ಕಬ್ಬಿನ ಹಣ ಬರುವುದು ವರ್ಷಕ್ಕೊಮ್ಮೆ. ಕಟಾವಿಗೆ ಮುಂಚೆ ಕೈ ಖಾಲಿ, ಒಡವೆ ಅಡವು. ಕಟಾವಾದ ಮೇಲೆ ನಾಲ್ಕು ಕಾಸು. ಅದೇ ರೈತನ ಬುದ್ಧಿಯನ್ನು ಎರಡೂ ಕಾಲದಲ್ಲಿ ಪರೀಕ್ಷಿಸಿದಾಗ, ಕೈಯಲ್ಲಿ ಹಣವಿದ್ದ ಹೊತ್ತಿನಲ್ಲಿ ಅವನು ಚುರುಕಾಗಿದ್ದ, ಕಮ್ಮಿ ತಪ್ಪು ಮಾಡಿದ. ಸಾಲಗಾರ ಮನೆ ಬಾಗಿಲಲ್ಲಿ ಕೂತಿರುವಾಗ ಯಾರ ತಲೆಯೂ ನೆಟ್ಟಗೆ ಓಡುವುದಿಲ್ಲ. ಒಡಿಶಾದಲ್ಲಿ ಎಲೆಯ ತಟ್ಟೆ ಮಾಡುವ ಕೂಲಿಕಾರರ ಮೇಲೆ ನಡೆದ ಪ್ರಯೋಗವೂ ಇದನ್ನೇ ಹೇಳಿತು. ಬರಬೇಕಾದ ಕೂಲಿಯಲ್ಲಿ ಒಂದು ಪಾಲನ್ನು ಕೆಲವರಿಗೆ ಕೆಲವು ದಿನ ಮುಂಚೆಯೇ ಕೊಟ್ಟರು. ಪಡೆದವರು ಮೊದಲು ಕೈಗಡ ತೀರಿಸಿದರು. ಮರುದಿನದಿಂದ ಅವರು ಹೆಚ್ಚು ತಟ್ಟೆ ಮಾಡಿದರು, ಹೊಲಿಗೆಯಲ್ಲಿ ತಪ್ಪುಗಳೂ ಕಡಿಮೆಯಾದವು. ತೀರಾ ಬಡವರಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಮುಂಗಡ ಕೊಟ್ಟರೆ ಆಳು ಕೈಕೊಡುತ್ತಾನೆ ಎಂಬ ನಮ್ಮ ಗಾದೆಯಂಥ ನಂಬಿಕೆಗೆ ಇದು ಪೂರಾ ಉಲ್ಟಾ.

ಹಾಗಾದರೆ ಗದ್ದೆಗೆ ಆಳು ಯಾಕೆ ಸಿಗುತ್ತಿಲ್ಲ? ರೈತರ ಸಂಕಟ ಸುಳ್ಳಲ್ಲ. ಅದಕ್ಕೆ ಕೊಡುತ್ತಿರುವ ಕಾರಣ ಮಾತ್ರ ಸರಿಯಿಲ್ಲ. ನಾಟಿ ಹಚ್ಚುವ ಹೆಂಗಸರನ್ನೇ ಕೇಳಿ ನೋಡಿ. ಈಗ ಅವರು ದಿನಗೂಲಿಗೆ ಬರುವುದಕ್ಕಿಂತ ಗುಂಪು ಕಟ್ಟಿಕೊಂಡು ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿಯುವುದನ್ನು ಹೆಚ್ಚು ಇಷ್ಟಪಡುತ್ತಾರೆ. ಬೆಳಕು ಹರಿಯುವ ಮುಂಚೆ ಆಟೊ ಅಥವಾ ಟ್ರ್ಯಾಕ್ಟರ್ ಹತ್ತಿ ಬಂದು, ಬುತ್ತಿಗಂಟನ್ನು ಬದುವಿನ ಜಾಲಿ ಗಿಡಕ್ಕೆ ಕಟ್ಟಿ, ಸೀರೆ ಎತ್ತಿ ಸಿಗಿಸಿ ಕೆಸರಿಗೆ ಇಳಿದರೆಂದರೆ ಎಡಗೈಯಲ್ಲಿ ಸಸಿ ಕಟ್ಟು, ಬಲಗೈ ಹೆಬ್ಬೆರಳು ನೆಲದೊಳಗೆ. ಸಾಲು ಹಿಂದಹಿಂದಕ್ಕೆ ಸರಿಯುತ್ತಾ ಹೋಗುತ್ತದೆ. ಯಾರಿಗಾದರೂ ಸೊಂಟ ನೋವೆಂದರೆ ಪಕ್ಕದವಳು ಅವಳ ಎರಡು ಸಾಲನ್ನೂ ತಾನೇ ಹಚ್ಚುತ್ತಾಳೆ, ಕೂಲಿ ಹಂಚುವಾಗ ಅದನ್ನು ಎತ್ತುವುದಿಲ್ಲ. ಬಿಸಿಲು ಇಳಿಯುವ ಮುಂಚೆ ಕೆಲಸ ಮುಗಿಸಿ ಮನೆ ಸೇರುತ್ತಾರೆ. ದಿನಗೂಲಿಯಲ್ಲಿ ದುಡಿಯುವುದಕ್ಕಿಂತ ಹೆಚ್ಚೇ ದುಡಿದಿರುತ್ತಾರೆ. ಇವರನ್ನು ಸೋಮಾರಿಗಳು ಎನ್ನಲು ಯಾವ ಬಾಯಿಗೆ ಬಂದೀತು?

ಯಾವ ರೈತನ ಗದ್ದೆಗೆ ಮೊದಲು ಹೋಗುತ್ತೀರಿ ಎಂದು ಅಂಥ ಒಂದು ಗುಂಪನ್ನು ಕೇಳಿದ್ದೆ. ಗುಂಪಿನ ಹಿರಿಯಾಕೆ ಲೆಕ್ಕ ಒಪ್ಪಿಸಿದಂತೆ ಹೇಳಿದಳು: "ರೊಕ್ಕ ಎಲ್ಲಾರೂ ಅಷ್ಟ ಕೊಡ್ತಾರಣ್ಣ. ಹಿಂದಿನ ದಿನಾನ ಹೇಳಿ ಕಳಿಸ್ಬೇಕು, ಸಂಜೀಕ ರೊಕ್ಕ ಎಣಿಸಿ ಕೊಡ್ಬೇಕು, ಬದುವಿನ ಮ್ಯಾಲೆ ನಿಂತು ಬೈಬಾರ್ದು. ಬೈಯೋರ ಗದ್ದಿಗೆ ನಾವು ಹೋಗಂಗಿಲ್ಲ." ಮೊದಲು ಬೈದರೂ ಹೋಗಲೇಬೇಕಿತ್ತು, ಏಕೆಂದರೆ ಆ ರಾತ್ರಿಯ ಅಕ್ಕಿ ಆ ದಿನದ ಕೂಲಿಯಲ್ಲಿತ್ತು. ಈಗ ಅಕ್ಕಿ ಮನೆಯಲ್ಲಿದೆ. ಹೊಟ್ಟೆ ತುಂಬಿದ್ದರಿಂದ ಅವಳಿಗೆ ದಕ್ಕಿದ್ದು ಸೋಮಾರಿತನವಲ್ಲ, ಒಲ್ಲೆ ಎನ್ನುವ ಧೈರ್ಯ. ಬಹಳ ಜನಕ್ಕೆ ಕಹಿಯಾಗಿರುವುದು ಈ ಧೈರ್ಯವೇ.

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಮನುಷ್ಯನನ್ನು ಕೆಲಸಕ್ಕೆ ಹಚ್ಚುವುದು ಏನು ಎಂಬುದನ್ನೇ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅಧ್ಯಯನ ಮಾಡಿದವರು. ಅನ್ನ ನೀರಿನಷ್ಟೇ ಮೂಲವಾದ ಮೂರು ಅಗತ್ಯಗಳು ಮನಸ್ಸಿಗೂ ಇವೆ ಎನ್ನುತ್ತಾರೆ ಅವರು. ಒಂದು, ತನ್ನ ಕೆಲಸದಲ್ಲಿ ತನ್ನ ಮಾತೂ ನಡೆಯಬೇಕು. ಎರಡು, ಮಾಡುವ ಕೆಲಸ ಕೈಗೆ ಒಗ್ಗಿ, ದಿನದಿಂದ ದಿನಕ್ಕೆ ಪಳಗಿದೆ ಎಂಬ ಭಾವ ಬೇಕು. ಮೂರು, ನಮ್ಮವರು ಎನ್ನಿಸುವ ಜನರ ನಡುವೆ ಇರಬೇಕು. ಈ ಮೂರೂ ಸಿಕ್ಕ ಕಡೆ ಮನುಷ್ಯ ತಾನಾಗಿ ದುಡಿಯುತ್ತಾನೆ. ಒಂದನ್ನು ಕಿತ್ತುಕೊಂಡರೂ ಉತ್ಸಾಹ ಬತ್ತುತ್ತದೆ. ನಾಟಿ ಗುಂಪಿನ ಹೆಂಗಸರು ಈ ಪುಸ್ತಕಗಳನ್ನು ಓದಿದವರಲ್ಲ. ಆದರೆ ಹೊತ್ತನ್ನು ತಾವೇ ನಿರ್ಧರಿಸುವ, ಕೈಚಳಕಕ್ಕೆ ಬೆಲೆ ಸಿಗುವ, ಗೆಳತಿಯರ ಜೊತೆಯಲ್ಲಿರುವ ಏರ್ಪಾಡನ್ನು ಅವರೇ ಮಾಡಿಕೊಂಡಿದ್ದಾರೆ.

ಮನುಷ್ಯನಿಗೆ ಸುಮ್ಮನೆ ಕೂರುವುದು ಹಿಡಿಸುತ್ತದೆ ಎಂಬುದೇ ಒಂದು ಭ್ರಮೆ. ಆಸ್ಟ್ರಿಯಾ ದೇಶದ ಮರೀನ್‌ಥಾಲ್ ಎಂಬ ಪುಟ್ಟ ಊರಿನಲ್ಲಿ ಎಲ್ಲರಿಗೂ ಅನ್ನ ಕೊಡುತ್ತಿದ್ದ ಬಟ್ಟೆ ಗಿರಣಿ 1930ರ ಹೊತ್ತಿಗೆ ಮುಚ್ಚಿಹೋಯಿತು. ಸಂಶೋಧಕಿ ಮಾರಿ ಯಹೋಡಾ ಮತ್ತು ಜೊತೆಗಾರರು ಆ ಊರಿಗೆ ಹೋಗಿ ಜನರ ದಿನಚರಿಯನ್ನು ಗಮನಿಸಿದರು. 1933ರಲ್ಲಿ ಅವರ ಪುಸ್ತಕ ಬಂತು. ಜನರಿಗೆ ಈಗ ಬೇಕಾದಷ್ಟು ಬಿಡುವು. ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಗಂಡಸರು ಬೀದಿಯಲ್ಲಿ ನಡೆಯುವ ವೇಗವೇ ಕುಗ್ಗಿತ್ತು. ಹೊತ್ತು ಎಲ್ಲಿ ಹೋಯಿತೆಂದು ಕೇಳಿದರೆ ಅವರಿಗೆ ಹೇಳಲು ಬರುತ್ತಿರಲಿಲ್ಲ. ಕೆಲಸ ಸಂಬಳದ ಜೊತೆಗೆ ದಿನಕ್ಕೊಂದು ಅಚ್ಚುಕಟ್ಟು ಕೊಡುತ್ತದೆ, ನಾಲ್ಕು ಜನರ ಒಡನಾಟ ಕೊಡುತ್ತದೆ, ನಾನೂ ಬೇಕಾದವನು ಎಂಬ ಭಾವನೆ ಕೊಡುತ್ತದೆ ಎಂದು ಯಹೋಡಾ ಮುಂದೆ ವಿವರಿಸಿದರು.

ನಮ್ಮಲ್ಲೂ ಮರೀನ್‌ಥಾಲ್‌ನಂಥ ದಿನಗಳು ಬಂದಿದ್ದವು. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ನಿಲ್ಲಿಸಿದ್ದು ಸರಿಯೇ, ಅಕ್ರಮದ ಪ್ರಮಾಣ ಲೋಕಾಯುಕ್ತ ವರದಿಯಲ್ಲಿ ಬಯಲಾಗಿತ್ತು. ಆದರೆ ಸಂಡೂರು–ಹೊಸಪೇಟೆ ದಾರಿಯಲ್ಲಿ ಸಾಲುಗಟ್ಟಿ ಓಡುತ್ತಿದ್ದ ಲಾರಿಗಳು ರಸ್ತೆ ಬದಿಯಲ್ಲಿ ತುಕ್ಕು ಹಿಡಿಯುತ್ತ ನಿಂತಾಗ, ಡ್ರೈವರು, ಕ್ಲೀನರು, ಲೋಡಿಂಗ್ ಹುಡುಗರು ಚಹದಂಗಡಿಗಳ ಮುಂದೆ ದಿನವಿಡೀ ಕೂತಿರುತ್ತಿದ್ದರು. ಒಂದಿಷ್ಟು ದುಡ್ಡು ಕೂಡಿಟ್ಟವರೂ ಅವರಲ್ಲಿದ್ದರು. ಅವರ ಮುಖದಲ್ಲಿ ವಿಶ್ರಾಂತಿಯ ಸುಖ ನನಗೆ ಕಾಣಲಿಲ್ಲ. ಕೆಲಸವಿಲ್ಲದೆ ಕೂತವನಿಗೆ ಮನೆಯಲ್ಲೂ ಮರ್ಯಾದೆ ಇಲ್ಲ ಎಂಬ ಮಾತನ್ನೇ ಸುತ್ತಿ ಬಳಸಿ ಆಡುತ್ತಿದ್ದರು.

ಅದೇ ಸಂಡೂರಿನಲ್ಲಿ ಬೇರೊಂದು ಬಗೆಯ ದುಡಿಮೆಯೂ ನಡೆದುಕೊಂಡು ಬಂದಿದೆ. ಸಂಡೂರು ಕುಶಲ ಕಲಾ ಕೇಂದ್ರದ ಸುತ್ತ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ದಶಕಗಳಿಂದ ಕಸೂತಿ ಮಾಡುತ್ತಿದ್ದಾರೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ–20 ಸಂಸ್ಕೃತಿ ಕಾರ್ಯಗುಂಪಿನ ಸಭೆ ನಡೆದಾಗ, 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಮಾಡಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಈ ಕೆಲಸವನ್ನು ಹತ್ತಿರದಿಂದ ನೋಡಬೇಕು. ಕೀಲನ್, ವೇಲೆ, ನಾಕ್ರಾ ಎಂದು ಹೊಲಿಗೆಗೊಂದು ಹೆಸರು. ಕನ್ನಡಿ ಬಿಲ್ಲೆ ಕೂರಿಸುವುದಕ್ಕೆ, ಕವಡೆ ಪೋಣಿಸುವುದಕ್ಕೆ ಒಂದೊಂದು ರೀತಿ. ಪಕ್ಕದವಳು ಮುಗಿಸಿದ ತುಂಡನ್ನು ಇನ್ನೊಬ್ಬಾಕೆ ಕೈಗೆತ್ತಿಕೊಂಡಾಗ ಮೊದಲು ನೋಡುವುದು ಬಟ್ಟೆಯ ಹಿಂಭಾಗವನ್ನು. ಮುಂದೆ ಬಣ್ಣ ಕಣ್ಣು ಮುಚ್ಚಿಸಬಹುದು, ಹಿಂದೆ ದಾರದ ಗಂಟು ಸುಳ್ಳು ಹೇಳುವುದಿಲ್ಲ. ಕೊಳ್ಳುವ ಗಿರಾಕಿ ಎಂದೂ ನೋಡದ ಆ ಮಗ್ಗುಲನ್ನು ಇವರು ಒಪ್ಪವಾಗಿಡುತ್ತಾರೆ. ಹಣಕ್ಕೆ ಅಂತಲೇ ಮಾಡುವ ಕೆಲಸದಲ್ಲೂ ಹಣಕ್ಕೆ ಸಿಗದ ಒಂದು ಪಾಲು ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಹಾಗೆಂದು ಹಣ ಬೇಡವೆಂದಲ್ಲ. ಕಸೂತಿಯಿಂದ ನಾಲ್ಕು ಕಾಸು ಬಂದರೆ ಕಬ್ಬು ಕಡಿಯಲು ಗುಳೆ ಹೋಗುವುದು ತಪ್ಪುತ್ತದೆ, ಮಕ್ಕಳ ಶಾಲೆ ಉಳಿಯುತ್ತದೆ. ಹೊಟ್ಟೆಯೂ ಮಾನವೂ ಒಂದೇ ಸೂಜಿಯಲ್ಲಿ ಹೊಲಿದುಕೊಂಡಿವೆ.

ಇನ್ನೂ ದೊಡ್ಡ ಉದಾಹರಣೆ ಹೊಸಪೇಟೆಯವರ ಕಣ್ಣೆದುರೇ ನಡೆಯಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ಭರ್ತಿ 105 ಟಿಎಂಸಿ ತುಂಬಿತ್ತು. ಮೂರು ರಾಜ್ಯಗಳ ರೈತರು ಆಗಷ್ಟೇ ನಾಟಿ ಮುಗಿಸಿದ್ದರು. ನೀರು ಅರ್ಧಕ್ಕೂ ಹೆಚ್ಚು ಖಾಲಿಯಾಗದೆ ಹೊಸ ಗೇಟು ಕೂರಿಸಲಾಗದು ಎಂಬ ಸ್ಥಿತಿ. ಆಗ ಬಂದವರು ಗೇಟು ತಜ್ಞ ಕನ್ನಯ್ಯ ನಾಯ್ಡು. ಎಂಬತ್ತರ ಹೊಸ್ತಿಲಲ್ಲಿದ್ದ, ಎಂದೋ ನಿವೃತ್ತರಾಗಿದ್ದ ಎಂಜಿನಿಯರು. ಈಗ ಬಾಗಿಲು ಮುಚ್ಚಿರುವ ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್‌ನಲ್ಲಿ ದುಡಿದವರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಡೆ ಹಲಗೆಗಳನ್ನು ಇಳಿಸೋಣ ಎಂದು ಅವರು ಪಟ್ಟು ಹಿಡಿದರು. ಕಬ್ಬಿಣದ ಹಲಗೆಗಳು ಸುತ್ತಲಿನ ವರ್ಕ್‌ಶಾಪ್‌ಗಳಲ್ಲಿ ಹಗಲು ರಾತ್ರಿ ತಯಾರಾದವು. ಮೊದಲ ಯತ್ನ ಕೈಗೂಡಲಿಲ್ಲ. ಆಗಸ್ಟ್ 16ರ ಸಂಜೆ ಮೊದಲ ಹಲಗೆ ಕೂತಿತು, ಮರುದಿನ ಉಳಿದವು. ಭೋರ್ಗರೆವ ನೀರಿನ ನೆತ್ತಿಯ ಮೇಲೆ ನಿಂತು ಕಾರ್ಮಿಕರು ಹಲಗೆಗಳನ್ನು ಅವುಗಳ ಜಾಗದಲ್ಲಿ ಕೂರಿಸಿದರು.

ಮೆಟ್ಟಿಲಿನ ಲೆಕ್ಕದ ಪ್ರಕಾರ ನೋಡಿದರೆ ನಾಯ್ಡು ಅವರ ಅನ್ನ, ಭದ್ರತೆ, ಗೌರವ ಎಲ್ಲವೂ ಈಡೇರಿದ್ದವು. ಮನೆಯಲ್ಲೇ ಕೂತು ಟಿ.ವಿ.ಯಲ್ಲಿ ಸುದ್ದಿ ನೋಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆ ಕಾರ್ಮಿಕರಿಗೋ, ಜೀವಭದ್ರತೆ ಎಂಬ ಎರಡನೇ ಮೆಟ್ಟಿಲನ್ನು ಮರೆತರೆ ಮಾತ್ರ ಸಾಧ್ಯವಾಗುವ ಕೆಲಸ. ಕೂಲಿಗಾಗಿಯೇ ಬಂದವರಾದರೂ ಕೂಲಿಯಷ್ಟೇ ಅವರನ್ನು ಅಲ್ಲಿ ನಿಲ್ಲಿಸಿರಲಾರದು. ತನಗೆ ಬರುವ ವಿದ್ಯೆ ಇವತ್ತು ಬೇಕಾಗಿದೆ, ಲಕ್ಷಾಂತರ ಎಕರೆ ಇದರ ಮೇಲೆ ನಿಂತಿದೆ, ಜೊತೆಯವನು ಇಳಿದಿದ್ದಾನೆ ಎಂಬ ಮೂರು ಸಂಗತಿಗಳು ಒಟ್ಟಾದಾಗ ಮನುಷ್ಯ ಏನು ಮಾಡಬಲ್ಲ ಎಂಬುದನ್ನು ಆ ವಾರ ನಾವೆಲ್ಲ ನೋಡಿದೆವು.

ಮಾಸ್ಲೊ ಹೇಳಿದ ಕ್ರಮ ತಲೆಕೆಳಗಾಗುವುದಕ್ಕೆ ಸಾಕ್ಷಿ ಬೇಕಿದ್ದರೆ ಹೊಸಪೇಟೆಯ ಪಕ್ಕದ ಮರಿಯಮ್ಮನಹಳ್ಳಿಯಲ್ಲಿದೆ. ಮಂಜಮ್ಮ ಜೋಗತಿ ಮನೆಯಿಂದ ದೂರವಾಗಿ, ಭಿಕ್ಷೆ ಬೇಡಿ ಹೊಟ್ಟೆ ಹೊರೆಯುತ್ತಿದ್ದ ಕಾಲದಲ್ಲೇ ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯ ಕಲಿತರು. ಅನ್ನ, ಸೂರು, ಬಂಧು ಬಳಗ ಯಾವುದೂ ಗಟ್ಟಿಯಿರಲಿಲ್ಲ. ಕಲೆ ಮೊದಲು ಬಂತು. ಅದು ಕೊಟ್ಟ ಗುರುತಿನ ಹಿಂದೆ ಅನ್ನವೂ ಬಳಗವೂ ಬಂದವು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಮೊದಲು ಹೊಟ್ಟೆ ತುಂಬಲಿ, ಕಲೆ ಆಮೇಲೆ ನೋಡೋಣ ಎಂದು ಯಾರಾದರೂ ಅವರನ್ನು ತಡೆದಿದ್ದರೆ ಎರಡೂ ಸಿಗುತ್ತಿರಲಿಲ್ಲ.

ಇನ್ನು ಮಗನಿಗೆ ಬೈಕು ಕೊಡಿಸಿದ ಅಪ್ಪನ ವಿಷಯ. ಅಮೆರಿಕದ ಒಂದು ಶಿಶುವಿಹಾರದಲ್ಲಿ 1973ರಲ್ಲಿ ಪ್ರಕಟವಾದ ಪ್ರಯೋಗವೊಂದು ನಡೆದಿತ್ತು. ಚಿತ್ರ ಬರೆಯುವುದೆಂದರೆ ಪ್ರಾಣ ಬಿಡುವ ಮಕ್ಕಳನ್ನು ಆರಿಸಿ, ಕೆಲವರಿಗೆ ಚಿತ್ರ ಬರೆದರೆ ರಿಬ್ಬನ್ ಕಟ್ಟಿದ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಹೇಳಿದರು, ಕೊಟ್ಟರು. ಕೆಲವು ದಿನಗಳ ಮೇಲೆ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದರೆ, ಪ್ರಶಸ್ತಿಯ ಆಸೆಗೆ ಬರೆದಿದ್ದ ಮಕ್ಕಳು ಉಳಿದವರಿಗಿಂತ ಅರ್ಧದಷ್ಟು ಹೊತ್ತು ಮಾತ್ರ ಪೆನ್ನು ಹಿಡಿದರು. ಆಟವಾಗಿದ್ದದ್ದು ಸಂಬಳದ ಕೆಲಸವಾಗಿ, ಸಂಬಳ ನಿಂತೊಡನೆ ಕೆಲಸವೂ ನಿಂತಿತು. ಶೇ 90 ತೆಗೆದರೆ ಬೈಕು ಎಂಬ ಕರಾರಿಗೂ ಇದೇ ಗತಿ. ಹುಡುಗನಿಗೆ ಬೈಕು ಬೇಕಾಗುತ್ತದೆ, ಓದು ಬೇಕಾಗುವುದಿಲ್ಲ. ಅವನು ಆರಿಸದ ಕೋರ್ಸು, ಅವನಿಗೆ ಹತ್ತದ ಇಂಗ್ಲಿಷ್ ಪಾಠ, ಅವನ ಹೆಸರೂ ಗೊತ್ತಿಲ್ಲದ ಮೇಷ್ಟರು: ಮೂರು ಅಗತ್ಯಗಳಲ್ಲಿ ಒಂದೂ ದಕ್ಕದ ಕಡೆ ಬೈಕು ಏನು ಮಾಡೀತು? ಸಾವಿರಗಟ್ಟಲೆ ಫೀಸು ಕೊಟ್ಟು ಸ್ಫೂರ್ತಿ ಭಾಷಣಕ್ಕೆ ಕಳಿಸುವ ಮುಂಚೆ, ನಿನಗೆ ಯಾವ ಕೆಲಸದಲ್ಲಿ ಹೊತ್ತು ಹೋಗುವುದೇ ತಿಳಿಯುವುದಿಲ್ಲ ಮಗನೇ ಎಂದು ಒಮ್ಮೆ ಕೇಳಿ. ಟ್ರ್ಯಾಕ್ಟರ್ ರಿಪೇರಿ ಎಂದರೂ ಬೇಸರ ಮಾಡಿಕೊಳ್ಳಬೇಡಿ.

ಮಾಸ್ಲೊ ತನ್ನ ಸಿದ್ಧಾಂತ ಬರೆಯುವುದಕ್ಕೆ ಮುಂಚೆ, 1938ರಲ್ಲಿ, ಕೆನಡಾದ ಸಿಕ್ಸಿಕಾ ಎಂಬ ಮೂಲನಿವಾಸಿಗಳ ಜೊತೆ ಕೆಲವು ವಾರ ಇದ್ದ. ಅಲ್ಲಿ ಕೂಡಿಟ್ಟವನಿಗಿಂತ ಹಂಚಿದವನಿಗೇ ಹೆಚ್ಚು ಮರ್ಯಾದೆ ಸಿಗುವುದನ್ನು ಕಂಡು ಬೆರಗಾದ. ನಮಗೆ ಇದು ಹೊಸದೇನಲ್ಲ. ಆಯ್ದ ಅಕ್ಕಿಯಿಂದ ದಾಸೋಹ ನಡೆಸುತ್ತಿದ್ದ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಅಲ್ಲೇ ಸುರಿದು ಬರಲು ಹೇಳಿದ ಕಥೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಹನ್ನೆರಡನೇ ಶತಮಾನದ ಆ ಬಡ ಹೆಂಗಸಿಗೆ ದುಡಿಮೆಯೂ ದಾನವೂ ಮಾನವೂ ಬೇರೆ ಬೇರೆ ಮೆಟ್ಟಿಲುಗಳಾಗಿರಲಿಲ್ಲ. ಹೊಟ್ಟೆ ತುಂಬಿದ ಮೇಲೆ ಕಾಯಕ ಬಿಡಬಹುದು ಎಂದು ಅವಳಿಗೆ ಹೊಳೆಯಲೂ ಇಲ್ಲ.

ಆದ್ದರಿಂದ ಓದುಗರಿಗೆ ನನ್ನ ಉತ್ತರ ಇಷ್ಟು. ಪುಕ್ಕಟೆ ಅಕ್ಕಿಯಿಂದ ದುಡಿಮೆ ಸಾಯುವುದಿಲ್ಲ; ಹೆದರಿಸಿ ದುಡಿಸಿಕೊಳ್ಳುವ ಪದ್ಧತಿ ಸಾಯುತ್ತದೆ. ಅದು ಸಾಯಲಿ. ಸರ್ಕಾರದ ಯೋಜನೆಗಳ ಖರ್ಚು ವೆಚ್ಚದ ಬಗ್ಗೆ, ಅದು ಯಾರಿಗೆ ಸೇರಬೇಕೆಂಬ ಬಗ್ಗೆ ಧಾರಾಳವಾಗಿ ಜಗಳ ಮಾಡೋಣ. ಆದರೆ ಬಡವರ ಹೊಟ್ಟೆಯನ್ನು ಅರ್ಧ ಖಾಲಿ ಇಟ್ಟರೆ ನಾಡು ಉದ್ಧಾರವಾಗುತ್ತದೆ ಎಂಬ ವಾದಕ್ಕೆ ಮನಶ್ಶಾಸ್ತ್ರದಲ್ಲಿ ಜಾಗವಿಲ್ಲ. ಗದ್ದೆಯ ಮಾಲೀಕರು, ಅಂಗಡಿಯ ಸಾಹುಕಾರರು ಈ ಹಂಗಾಮಿನಲ್ಲೇ ಒಮ್ಮೆ ಪರೀಕ್ಷೆ ಮಾಡಿ ನೋಡಿ. ಕೆಲಸ ಏನೆಂದು ಹಿಂದಿನ ದಿನವೇ ಹೇಳಿ, ರೇಟು ಮೊದಲೇ ಮಾತಾಡಿ, ಹೇಗೆ ಮಾಡಬೇಕೆಂಬುದನ್ನು ಬಲ್ಲವರ ಕೈಗೆ ಬಿಡಿ, ನಾಲ್ಕು ಜನರೆದುರು ಬೈಯಬೇಡಿ, ಹೊತ್ತು ಮುಳುಗುವ ಮುಂಚೆ ಕೂಲಿ ಎಣಿಸಿ ಕೊಡಿ. ಇಷ್ಟು ಮಾಡಿಯೂ ಆಳು ಬರದಿದ್ದರೆ ನನಗೆ ಬರೆಯಿರಿ, ಆಗ ಮತ್ತೆ ಮಾತಾಡೋಣ.